ಹಿಂದಿನ ಸಸ್ಪೆನ್ಷನ್ ಆರ್ಮ್, ಬುಶ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ

ಗಾಡಿಯ ಬಾಡಿಗೂ ಚಕ್ರಕ್ಕೂ ನಡುವೆ ಇರುವ ತೋಳೇ ಆರ್ಮ್. ಅದರ ತುದಿಯಲ್ಲಿ ಏಟು, ನಡುಕ ನುಂಗುವ ರಬ್ಬರಿನಂಥ ಒತ್ತೇ ಬುಶ್. ಮಳೆಗಾಲ ಮುಗಿಯುತ್ತಿದ್ದಂತೆ ಪುಣೆಯ ಕನ್ನಡಿಗ ಗೆಳೆಯರಿಂದ ಒಂದೇ ಥರದ ದೂರು ಬರುತ್ತದೆ. ಗಾಡಿಯ ಹಿಂದೆ ಸದ್ದು ಬರುತ್ತಿತ್ತು, ಬುಶ್ ಕಿಟ್ ತರಿಸಿ ಹಾಕಿಸಿದೆವು, ಕೆಲವೇ ತಿಂಗಳಲ್ಲಿ ಮತ್ತೆ ಸದ್ದು. ಇಲ್ಲವೇ ಸದ್ದು ಹೋಯಿತು, ಆದರೆ ಟೈರಿನ ಒಳ ಅಂಚು ಸವೆಯತೊಡಗಿತು. ಇವರಲ್ಲಿ ಹೆಚ್ಚಿನವರು ಕೊಂಡದ್ದು ಒಳ್ಳೆಯ ಪಾರ್ಟನ್ನೇ. ತಪ್ಪಿದ್ದು ಕೆಲಸದ ಕ್ರಮ. ಮೊದಲು ಪಾರ್ಟು ಕೊಂಡರು, ಆಮೇಲೆ ಗಾಡಿಯಡಿ ಬಗ್ಗಿ ನೋಡಿದರು.

ವಾರವಿಡೀ ಹಿಂಜವಡಿಗೋ ಚಾಕಣಕ್ಕೋ ಓಡಾಡಿ, ಹಬ್ಬಕ್ಕೆ ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಖಂಬಾಟ್ಕಿ ಘಾಟು ದಾಟಿ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುವ ಗಾಡಿಗಳಿಗಾಗಿ ಇದನ್ನು ಬರೆದಿದ್ದೇನೆ. ರೇಸ್ ಟ್ರ್ಯಾಕಿಗೆ ಗಾಡಿ ಕಟ್ಟುವವರ ಲೆಕ್ಕವೇ ಬೇರೆ.

ಹಂತ 1: ನಿಮ್ಮ ಗಾಡಿಯ ಹಿಂದೆ ಆರ್ಮ್ ಇದೆಯೇ ನೋಡಿ

ಸ್ವಿಫ್ಟ್, ಐ20, ಪೋಲೊ, ಈಗಿನ ಹೋಂಡಾ ಸಿಟಿ ಇವುಗಳ ಹಿಂದೆ ಇರುವುದು ಟಾರ್ಷನ್ ಬೀಮ್. ಎರಡೂ ಚಕ್ರಗಳನ್ನು ಒಂದೇ ತೊಲೆ ಹಿಡಿದಿರುತ್ತದೆ. ಅದು ಬಾಡಿಗೆ ಸೇರುವ ಜಾಗದಲ್ಲಿ ಎರಡು ದೊಡ್ಡ ಬುಶ್ ಇರುತ್ತವೆ, ಅಷ್ಟೇ. ಇಂಥ ಗಾಡಿಗೆ ಹಿಂದಿನ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿರುವ ಪ್ರಮಾಣ) ಆರ್ಮ್ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ನಿಮಗೆ ಬೇಕಾದದ್ದು ಆ ಎರಡು ಬುಶ್ ಮಾತ್ರ.

2006ರಲ್ಲಿ ನಮ್ಮಲ್ಲಿಗೆ ಬಂದ ಹೋಂಡಾ ಸಿವಿಕ್‌ನ ಹಿಂದೆ ಡಬಲ್ ವಿಶ್‌ಬೋನ್ ಇದೆ. ಸ್ಕೋಡಾ ಲಾರಾ, ಫೋಕ್ಸ್‌ವ್ಯಾಗನ್ ಜೆಟ್ಟಾ, ಮಹೀಂದ್ರಾ ಎಕ್ಸ್‌ಯುವಿ500, ಎಕ್ಸ್‌ಯುವಿ700, ಬಿಎಂಡಬ್ಲ್ಯು 3 ಸೀರೀಸ್ ಗಾಡಿಗಳಲ್ಲಿ ಮಲ್ಟಿ ಲಿಂಕ್. ಇವುಗಳಲ್ಲಿ ಒಂದೊಂದು ಚಕ್ರಕ್ಕೆ ಹಲವು ಆರ್ಮ್‌ಗಳು, ಪ್ರತಿ ಆರ್ಮಿನ ತುದಿಗೂ ಬುಶ್ ಅಥವಾ ಬಾಲ್ ಜಾಯಿಂಟ್. ಇನ್ನೋವಾ, ಕ್ರಿಸ್ಟಾಗಳಲ್ಲಿ ಗಟ್ಟಿ ಆಕ್ಸಲ್ಲನ್ನು ನಾಲ್ಕು ಲಿಂಕ್‌ಗಳೂ ಒಂದು ಅಡ್ಡ ರಾಡೂ ಹಿಡಿದಿರುತ್ತವೆ. ಅಲ್ಲಿಯೂ ಬುಶ್ ಸವೆಯುತ್ತದೆ, ಆದರೆ ಕ್ಯಾಂಬರ್ ಹೊಂದಾಣಿಕೆ ಇರುವುದಿಲ್ಲ.

ಗಾಡಿಯ ಹೆಸರನ್ನಷ್ಟೇ ನಂಬಬೇಡಿ. ಫೋಕ್ಸ್‌ವ್ಯಾಗನ್ ಬಳಗ ಒಂದೇ ಮಾಡೆಲ್ಲಿಗೆ ಎಂಜಿನ್ ನೋಡಿಕೊಂಡು ಕೆಲವಕ್ಕೆ ಟಾರ್ಷನ್ ಬೀಮ್, ಕೆಲವಕ್ಕೆ ಮಲ್ಟಿ ಲಿಂಕ್ ಹಾಕಿದ್ದುಂಟು. ಜ್ಯಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು, ಕಣ್ಣಾರೆ ನೋಡಿ. ಫೋಟೊ ತೆಗೆದಿಡಿ, ಮುಂದೆ ಬೇಕಾಗುತ್ತದೆ.

ಹಂತ 2: ಸದ್ದು ಎಲ್ಲಿಂದ ಬರುತ್ತಿದೆ, ಹುಡುಕಿ

ಹಿಂದಿನಿಂದ ಬರುವ ಸದ್ದೆಲ್ಲ ಆರ್ಮ್ ಬುಶ್ಶಿನದ್ದಲ್ಲ. ಅಗ್ಗದ ಅನುಮಾನಗಳನ್ನು ಮೊದಲು ಮುಗಿಸಿ. ಸ್ಟೆಪ್ನಿ, ಜ್ಯಾಕ್ ಸಡಿಲ ಇವೆಯೇ? ಸೈಲೆನ್ಸರ್ ತೂಗುಹಾಕಿದ ರಬ್ಬರ್ ಹರಿದಿದೆಯೇ? ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಸವೆದಿದೆಯೇ? ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಿನ ಲಿಂಕ್ ಅಲ್ಲಾಡುತ್ತಿದೆಯೇ? ಸಣ್ಣ ಹೊಂಡಗಳ ಮೇಲೆ ನಿಧಾನವಾಗಿ ಹೋಗುವಾಗ ಬರುವ ಟಕ್ ಟಕ್ ಸದ್ದು ಹೆಚ್ಚಾಗಿ ಈ ಲಿಂಕಿನದ್ದು. ಅದಕ್ಕಾಗಿ ಆರ್ಮ್ ಬದಲಿಸಿದರೆ ಹಣ ಸುಮ್ನೆ ಹಾಳು.

ಇವೆಲ್ಲ ಸರಿ ಇದ್ದರೆ ಖಾಲಿ ರಸ್ತೆಯಲ್ಲಿ ಗಾಡಿ ಓಡಿಸಿ. ಬ್ರೇಕ್ ಒತ್ತಿದ ಕ್ಷಣ ಹಿಂದೆ ಒಂದೇ ಒಂದು ಧಡ್ ಸದ್ದು ಬಂದರೆ, ಉದ್ದುದ್ದಕ್ಕೆ ಹಿಡಿಯುವ ಟ್ರೇಲಿಂಗ್ ಆರ್ಮಿನ ಬುಶ್ ಮೇಲೆ ಅನುಮಾನ ಇಡಿ. ಹೆದ್ದಾರಿಯಲ್ಲಿ ಲೇನ್ ಬದಲಿಸಿದಾಗ ಮೂತಿ ತಿರುಗಿದ ಮೇಲೆ ಬಾಲ ತಡವಾಗಿ ಎಳೆದುಕೊಂಡು ಬಂದಂತೆ ಅನ್ನಿಸಿದರೆ, ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಅದನ್ನು ಹಿಡಿದಿಡುವ ಟೋ ಆರ್ಮಿನ ಬುಶ್ ನೋಡಿ. ಇದು ಅಪಾಯದ ಸೂಚನೆ. ಮಳೆಯಲ್ಲಿ ಘಾಟಿನ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರಬಹುದು. ಈ ಸ್ಥಿತಿಯಲ್ಲಿ ಊರಿಗೆ ಹೊರಡಬೇಡಿ.

ಟೈರಿನ ಮೇಲೆ ಅಂಗೈ ಆಡಿಸಿ. ಒಳಗಿನಿಂದ ಹೊರಗೆ, ಮತ್ತೆ ಹೊರಗಿನಿಂದ ಒಳಗೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ಚುಚ್ಚಿದರೆ ಟೋ ತಪ್ಪಿದೆ. ಚುಚ್ಚದೆ ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ಜಾಸ್ತಿ. ಎರಡೂ ಒಟ್ಟಿಗೆ ಇರುವುದೂ ಉಂಟು. ಟೈರನ್ನು ಬೇಗ ತಿನ್ನುವುದು ಟೋ. ಜನ ಬೈಯುವುದು ಮಾತ್ರ ಕ್ಯಾಂಬರನ್ನು.

ಕೊನೆಗೆ ಗಾಡಿಯಡಿ ಹೋಗಿ, ಮೀಟುಗೋಲಿನಿಂದ ಪ್ರತಿ ಬುಶ್ ಹತ್ತಿರ ಆರ್ಮನ್ನು ಮೀಟಿ. ರಬ್ಬರ್ ಸ್ವಲ್ಪ ಬಾಗಿ ವಾಪಸ್ ಬರುವುದು ಸಹಜ. ರಬ್ಬರ್ ಮೇಲ್ಮೈಯ ಕೂದಲೆಳೆಯಂಥ ಬಿರುಕಿಗೂ ಹೆದರಬೇಕಿಲ್ಲ. ಬಿರುಕು ಆಳಕ್ಕೆ ಇಳಿದಿದ್ದರೆ, ರಬ್ಬರ್ ಕಬ್ಬಿಣದ ಬಳೆಯಿಂದ ಬಿಟ್ಟುಕೊಂಡಿದ್ದರೆ, ಲೋಹಕ್ಕೆ ಲೋಹ ಬಡಿದರೆ, ಅಥವಾ ದ್ರವ ತುಂಬಿದ ಬುಶ್ ಸುತ್ತ ಎಣ್ಣೆಯ ಕಲೆ ಕಂಡರೆ ಬುಶ್ ಮುಗಿದಿದೆ. ಕೆಲವು ಬುಶ್‌ಗಳಲ್ಲಿ ಅರ್ಧಚಂದ್ರದ ಆಕಾರದ ಖಾಲಿ ಜಾಗ ಇರುತ್ತದೆ. ಅದನ್ನು ಕಂಪನಿಯೇ ಬಿಟ್ಟಿರುತ್ತದೆ. ಹರಿದಿದೆ ಎಂದುಕೊಂಡು ಒಳ್ಳೆಯ ಬುಶ್ ಕಿತ್ತು ಹಾಕಿದವರನ್ನು ನೋಡಿದ್ದೇನೆ.

ಹಂತ 3: ಯಾವ ಆರ್ಮ್ ಏನು ಮಾಡುತ್ತದೆ, ತಿಳಿದುಕೊಳ್ಳಿ

ಹಿಂದಿನ ಆರ್ಮ್‌ಗಳನ್ನು ಮೂರು ಕೆಲಸಗಳಾಗಿ ವಿಂಗಡಿಸಿ. ಅಡ್ಡಕ್ಕೆ ಇರುವ ಆರ್ಮ್‌ಗಳು ಚಕ್ರದ ವಾಲಿಕೆಯನ್ನೂ ದಿಕ್ಕನ್ನೂ ಹಿಡಿದಿಡುತ್ತವೆ. ಇವೇ ಕ್ಯಾಂಬರ್ ಆರ್ಮ್, ಟೋ ಆರ್ಮ್. ಇವುಗಳ ಬುಶ್ ಸ್ವಲ್ಪ ಸಡಿಲವಾದರೂ ಗಾಡಿಯ ನಡೆ ಬದಲಾಗುತ್ತದೆ. ಉದ್ದಕ್ಕೆ ಇರುವ ಟ್ರೇಲಿಂಗ್ ಆರ್ಮ್ ಹೊಂಡದ ಏಟನ್ನೂ ಬ್ರೇಕಿನ ಎಳೆತವನ್ನೂ ತಿನ್ನುತ್ತದೆ. ಮೂರನೆಯದು ಸ್ಪ್ರಿಂಗ್ ಕೂರುವ ಅಗಲದ ಲೋವರ್ ಆರ್ಮ್. ಗಾಡಿಯ ಭಾರ ಇದರ ಮೇಲೆ.

ಬುಶ್ ಎಷ್ಟು ಗಟ್ಟಿ ಇರಬೇಕು ಎನ್ನುವುದು ಈ ಕೆಲಸದಿಂದ ತೀರ್ಮಾನವಾಗುತ್ತದೆ. ಎಲ್ಲಾ ಕಡೆಗೂ ಒಂದೇ ಗಟ್ಟಿತನದ ಪೂರ್ತಿ ಕಿಟ್ ಹಾಕಿಸಿದಾಗ ಕೆಡುವುದು ಇದೇ ಕಾರಣಕ್ಕೆ.

ಹಂತ 4: ಬುಶ್ ಆರಿಸಿ

ರಬ್ಬರ್ ಬುಶ್‌ನಲ್ಲಿ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಬಳೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರ್. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಇದೊಂದು ಮಾತು ನೆನಪಿಟ್ಟರೆ ಮುಂದಿನ ಅರ್ಧ ಕೆಲಸ ಅರ್ಥವಾಗುತ್ತದೆ. ಗ್ರೀಸ್ ಬೇಡ, ಸದ್ದಿಲ್ಲ, ಕೆಸರು ನೀರಿಗೆ ಜಗ್ಗುವುದಿಲ್ಲ. ಶೋರ್ ಎ ಅಳತೆಯಲ್ಲಿ ಇದರ ಗಟ್ಟಿತನ ಸಾಮಾನ್ಯವಾಗಿ 50ರಿಂದ 70.

ದ್ರವ ತುಂಬಿದ ಬುಶ್ ದುಬಾರಿ ಗಾಡಿಗಳಲ್ಲಿ ಬರುತ್ತದೆ. ನಡುಕವನ್ನು ಚೆನ್ನಾಗಿ ನುಂಗುತ್ತದೆ. ಸೋರಿದರೆ ಅದೇ ಮಾದರಿಯದ್ದನ್ನೇ ಹಾಕಿ.

ಪಿಯು, ಅಂದರೆ ಪಾಲಿಯುರೆಥೇನ್ ಬುಶ್ ಗಟ್ಟಿ. ರಸ್ತೆ ಬಳಕೆಯದ್ದು ಸುಮಾರು 80, ಟ್ರ್ಯಾಕಿನದ್ದು 95ರ ಹತ್ತಿರ. ಇದು ಅಂಟಿಸಿದ್ದಲ್ಲ, ಒಳಗಿನ ಕೊಳವೆಯ ಮೇಲೆ ತಿರುಗುತ್ತದೆ. ಹಾಗಾಗಿ ಗ್ರೀಸ್ ಬೇಕೇ ಬೇಕು, ಅದೂ ಕಿಟ್ ಜೊತೆ ಬಂದದ್ದೇ. ಗ್ರೀಸ್ ತೊಳೆದುಹೋದರೆ ಕಿರ್ ಕಿರ್ ಶುರು. ಪುಣೆ, ಮುಂಬಯಿಯ ನಾಲ್ಕು ತಿಂಗಳ ಮಳೆಯಲ್ಲಿ ಇದು ಆಗುವ ಸಂಭವ ಹೆಚ್ಚು.

ಪಿಲ್ಲೋ ಬಾಲ್ ಎಂದು ಮಾರುವ ಲೋಹದ ಜಾಯಿಂಟುಗಳು ದಿನದ ಗಾಡಿಗೆ ಬೇಡ. ಧೂಳು ಹೊಕ್ಕರೆ ಬೇಗ ಸವೆಯುತ್ತವೆ, ರಸ್ತೆಯ ಸದ್ದನ್ನೆಲ್ಲ ನೇರ ಬಾಡಿಗೆ ತಲುಪಿಸುತ್ತವೆ.

ಹಾಗಾದರೆ ಯಾವುದನ್ನು ಎಲ್ಲಿ ಹಾಕಬೇಕು? ನನ್ನ ಖಚಿತ ಅಭಿಪ್ರಾಯ: ಎಲ್ಲಾ ಕಡೆ ಕಂಪನಿ ಗುಣಮಟ್ಟದ ಹೊಸ ರಬ್ಬರ್ ಹಾಕಿ. ಹಳೆಯ ಗಾಡಿಗೆ ಹೊಸ ರಬ್ಬರ್ ಬಿದ್ದರೆ ಸಾಕು, ಅದರ ಬಿಗಿ ವಾಪಸ್ ಬರುತ್ತದೆ. ಇನ್ನೂ ಬಿಗಿ ಬೇಕು ಅನ್ನುವವರು ಸ್ಟೆಬಿಲೈಸರ್ ಬಾರಿನ ಬುಶ್, ಅಡ್ಡ ಆರ್ಮ್‌ಗಳ ಒಳತುದಿಯ ಬುಶ್ ಮಾತ್ರ 80ರ ಪಿಯು ಹಾಕಿಸಬಹುದು. ಅಲ್ಲಿ ಚಲನೆ ಹೆಚ್ಚೂಕಡಿಮೆ ಒಂದೇ ದಿಕ್ಕಿನದು.

ಟ್ರೇಲಿಂಗ್ ಆರ್ಮಿಗೆ ಗಟ್ಟಿ ಪಿಯು ಬೇಡ. ಚಕ್ರ ಮೇಲೇರುವಾಗ ಆ ಬುಶ್ ತಿರುಗುತ್ತದೆ. ಅಡ್ಡ ಆರ್ಮ್‌ಗಳು ತಮ್ಮ ವೃತ್ತದಲ್ಲಿ ಎಳೆಯುವುದರಿಂದ ಪಕ್ಕಕ್ಕೂ ವಾಲುತ್ತದೆ. ಹೊಂಡಕ್ಕೆ ಬಿದ್ದಾಗ ಹಿಂದಕ್ಕೂ ಒತ್ತಿಕೊಳ್ಳಬೇಕು. ಈ ಮೂರನ್ನೂ ಮೆತ್ತಗಿನ ರಬ್ಬರ್ ಒಟ್ಟಿಗೆ ಮಾಡುತ್ತದೆ. ಗಟ್ಟಿ ಪಿಯು ತಡೆದು ನಿಲ್ಲುತ್ತದೆ, ಆ ಬಲ ಬ್ರ್ಯಾಕೆಟ್ಟಿಗೂ ಬೋಲ್ಟಿಗೂ ಹೋಗುತ್ತದೆ. ಸಿವಿಕ್‌ನಂಥ ಗಾಡಿಗಳಲ್ಲಿ ಇದನ್ನು ಹಾಕಿಸಿದವರಿಗೆ ಹಿಂದಿನ ಸೀಟಿನಲ್ಲಿ ಕೂತ ಮನೆಯವರೇ ಮೊದಲು ಹೇಳುತ್ತಾರೆ, ಗಾಡಿ ಕುಕ್ಕುತ್ತಿದೆ ಅಂತ.

ಬುಶ್ ಯಾವುದೇ ಇರಲಿ, ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹತ್ತು ವರ್ಷದ್ದು ಇದ್ದರೆ ಬ್ರೇಕಿನಲ್ಲಿ ಗಾಡಿ ಒಂದೇ ಕಡೆ ಎಳೆಯಬಹುದು.

ಹಂತ 5: ಬುಶ್ ಮಾತ್ರವೇ, ಇಡೀ ಆರ್ಮೇ?

ಆರ್ಮ್ ಬಾಗಿರಬಾರದು, ತುಕ್ಕು ತಿಂದಿರಬಾರದು, ಬುಶ್ ಬಿಡಿಯಾಗಿ ಸಿಗಬೇಕು. ಈ ಮೂರೂ ಇದ್ದರೆ ಬುಶ್ ಮಾತ್ರ ಸಾಕು. ಎಡ ಬಲದ ಆರ್ಮ್‌ಗಳನ್ನು ಸಮ ನೆಲದ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಿ, ಬಾಗಿದ್ದು ತಿಳಿಯುತ್ತದೆ. ಬಾಗಿದ ಆರ್ಮನ್ನು ಕಾಯಿಸಿ ಬಡಿದು ನೇರ ಮಾಡಿಸಬೇಡಿ. ಅಲ್ಯೂಮಿನಿಯಂ ಆರ್ಮ್ ಆಗಿದ್ದರೆ ಒಳಗೆ ಬಿರುಕು ಬಿಟ್ಟಿರಬಹುದು. ಅದನ್ನು ನೇರವಾಗಿ ಗುಜರಿಗೆ ಹಾಕಿ.

ಒತ್ತಿದ ತಗಡಿನ ಸಣ್ಣ ಆರ್ಮ್‌ಗಳಿಗೆ ಹೊಸ ಬುಶ್ ಸಮೇತ ಇಡೀ ಆರ್ಮೇ ಲೇಸು. ಬುಶ್ಶನ್ನು ಯಂತ್ರದಿಂದ ಒತ್ತಿ ತೆಗೆದು ಕೂರಿಸುವ ಪ್ರೆಸ್ ಕೆಲಸದ ಕೂಲಿ ಉಳಿಯುತ್ತದೆ, ಆರ್ಮ್ ಜಜ್ಜಿಹೋಗುವ ಭಯವೂ ಇಲ್ಲ.

ಉದ್ದ ಹೊಂದಿಸಬಹುದಾದ ಆರ್ಮ್ ಬೇಕೇ? ಮೊದಲು ಅಲೈನ್‌ಮೆಂಟ್ ಚೀಟಿ ನೋಡಿ. ಗಾಡಿ ಕಂಪನಿ ಎತ್ತರದಲ್ಲೇ ಇದ್ದರೆ, ಈಗಿರುವ ಹೊಂದಾಣಿಕೆಯಲ್ಲೇ ಅಳತೆ ಸರಿಬರುತ್ತಿದ್ದರೆ ಬೇಡವೇ ಬೇಡ. ಗಾಡಿ ತಗ್ಗಿಸಿದಾಗ ಹಿಂದಿನ ಚಕ್ರದ ತಲೆ ಒಳಗೆ ವಾಲುತ್ತದೆ. ಹೊಂದಾಣಿಕೆ ಪೂರ್ತಿ ತಿರುಗಿಸಿದರೂ ಕಂಪನಿಯ ಮಿತಿಯೊಳಗೆ ಬಾರದಿದ್ದರೆ ಆಗ ಯೋಚಿಸಿ. ಕ್ಯಾಂಬರ್ ಬದಲಿಸಿದರೆ ಟೋ ಕೂಡ ಬದಲಾಗುತ್ತದೆ. ಆದ್ದರಿಂದ ಟೋ ಹೊಂದಿಸುವ ಜಾಗ ಉಳಿದಿದೆಯೇ ಎಂದು ಮೊದಲೇ ಕೇಳಿ.

ಕೊಳ್ಳುವುದೇ ಆದರೆ ಒಂದು ತುದಿಗೆ ಎಡ, ಇನ್ನೊಂದಕ್ಕೆ ಬಲ ಮರೆ (ಥ್ರೆಡ್) ಇರುವುದನ್ನು ಕೊಳ್ಳಿ, ಗಾಡಿಯ ಮೇಲೆಯೇ ಉದ್ದ ಹೊಂದಿಸಬಹುದು. ಲಾಕ್ ನಟ್ ಇರಲೇಬೇಕು. ಮರೆಯ ಕನಿಷ್ಠ ಎಷ್ಟು ಭಾಗ ಒಳಗಿರಬೇಕು ಎಂಬ ತಯಾರಕರ ಗುರುತು ನೋಡಿ. ತುದಿಗೆ ರಬ್ಬರ್ ಬುಶ್ ಇರುವುದನ್ನೇ ಆರಿಸಿ. ಸ್ಪ್ರಿಂಗ್ ಕೂರುವ ಲೋವರ್ ಆರ್ಮನ್ನು ಮಾತ್ರ ಹೆಸರಿಲ್ಲದ ಅಗ್ಗದ ಮಾಲಿನಿಂದ ಬದಲಿಸಲೇಬೇಡಿ. ಬೆಸುಗೆ ಬಿಟ್ಟರೆ ಚಕ್ರವೇ ವಾಲುತ್ತದೆ.

ಕಾನೂನಿನ ಮಾತೂ ಇದೆ. ಗಾಡಿಯನ್ನು ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಡೆಯುತ್ತದೆ. ತಗ್ಗಿಸಿದ ಗಾಡಿಗೆ ಅಪಘಾತವಾದರೆ ವಿಮೆಯವರು ಪ್ರಶ್ನೆ ಎತ್ತಬಹುದು.

ಹಂತ 6: ಕೊಳ್ಳುವಾಗ

ಪುಣೆಯಲ್ಲಿ ನಾನಾ ಪೇಠ್, ಮುಂಬಯಿಯಲ್ಲಿ ಕುರ್ಲಾದ ಸಿಎಸ್‌ಟಿ ರೋಡ್. ಎಲ್ಲಿ ಕೊಂಡರೂ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿಕೊಳ್ಳಿ. ಆಮೇಲೆ ಹಂತ 1ರ ಫೋಟೊ ಜೊತೆ ಹೋಲಿಸಿ. ಲೆಮ್‌ಫೋರ್ಡರ್, ಮೆಯ್ಲೆ, ಫೆಬಿಯಂಥ ಹೆಸರಿನ ಡಬ್ಬಿಯಲ್ಲಿ ನಕಲಿ ಮಾಲೂ ಬರುತ್ತದೆ. ಡಬ್ಬಿಗಿಂತ ಪಾರ್ಟನ್ನು ನೋಡಿ. ಅಚ್ಚು ಸ್ಪಷ್ಟವಾಗಿರಬೇಕು, ರಬ್ಬರ್ ಅಂಚು ಹರಕಾಗಿರಬಾರದು, ಉಗುರಿನಿಂದ ಒತ್ತಿದರೆ ಚಿಮ್ಮಬೇಕು. ತಯಾರಾದ ದಿನಾಂಕ ಇದ್ದರೆ ಓದಿ. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತ ರಬ್ಬರ್ ಬೇಡ.

ಲೇತಿನವರ ಹತ್ತಿರ ಬುಶ್ ಮಾಡಿಸಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಆ ರಬ್ಬರಿನ ಗಟ್ಟಿತನ ಯಾರಿಗೂ ಗೊತ್ತಿರುವುದಿಲ್ಲ. ಬೋಲ್ಟ್, ನಟ್ ಹೊಸವನ್ನೇ ತರಿಸಿ. ಕೋನದ ಲೆಕ್ಕದಲ್ಲಿ, ಅಂದರೆ ಇಷ್ಟು ಡಿಗ್ರಿ ತಿರುಗಿಸಿ, ಬಿಗಿಯುವ ಬೋಲ್ಟ್‌ಗಳು ಒಮ್ಮೆ ಹಿಗ್ಗಿದ ಮೇಲೆ ಮತ್ತೆ ಬಳಸಲು ಬರುವುದಿಲ್ಲ. ಜರ್ಮನ್ ಗಾಡಿಗಳಲ್ಲಿ ಇವು ಜಾಸ್ತಿ.

ಹಂತ 7: ಬಿಚ್ಚುವ ಮುನ್ನ ಅಳೆಯಿರಿ

ಬೇಕಾದ ಸಾಮಾನು: ಫ್ಲೋರ್ ಜ್ಯಾಕ್, ಎರಡು ಸ್ಟ್ಯಾಂಡ್, ಟಾರ್ಕ್ ರೆಂಚ್ (ಬಿಗಿಯ ಬಲ ಅಳೆಯುವ ಪಾನಾ), ಉದ್ದ ಹಿಡಿಯ ಪಾನಾ, ತುಕ್ಕು ಸಡಿಲಿಸುವ ಎಣ್ಣೆ, ಟೇಪು, ಬಣ್ಣದ ಪೆನ್ನು. ಪ್ರೆಸ್ ಕೆಲಸಕ್ಕೆ ಭೋಸರಿಯಂಥ ಕಡೆಯ ವರ್ಕ್‌ಶಾಪಿಗೆ ಆರ್ಮ್ ಒಯ್ಯಬಹುದು. ಸ್ಪ್ರಿಂಗ್ ಒತ್ತುವ ಸಾಧನ ಇಲ್ಲದೆ ಸ್ಪ್ರಿಂಗ್ ಕೂತ ಲೋವರ್ ಆರ್ಮಿನ ಬೋಲ್ಟ್ ಬಿಚ್ಚಬೇಡಿ. ಅದು ಹಾರಿದರೆ ಪ್ರಾಣಕ್ಕೇ ಅಪಾಯ.

ಗಾಡಿ ನೆಲದ ಮೇಲೆ ಇರುವಾಗಲೇ ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಇದು ಮುಂದೆ ಅತಿ ಮುಖ್ಯ. ತಿರುಗಿಸಿದರೆ ಆರ್ಮನ್ನು ಜರುಗಿಸುವ ಹೊಂದಾಣಿಕೆಯ ವಾರೆ ಬೋಲ್ಟ್‌ಗಳ ತಲೆಗೂ ಬ್ರ್ಯಾಕೆಟ್ಟಿಗೂ ಸೇರಿಸಿ ಬಣ್ಣದ ಗೆರೆ ಎಳೆಯಿರಿ. ಗೋವಾ, ಮುಂಬಯಿಯ ಉಪ್ಪು ಗಾಳಿಯಲ್ಲಿ ಓಡಿದ ಗಾಡಿಗಳಲ್ಲಿ ಈ ಬೋಲ್ಟ್ ಬುಶ್ಶಿನ ಕೊಳವೆಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಹಾಕಿ.

ಹಂತ 8: ಬಿಚ್ಚಿ, ಪ್ರೆಸ್ ಮಾಡಿ

ಎಬಿಎಸ್ ವೈರು, ಹ್ಯಾಂಡ್‌ಬ್ರೇಕ್ ಕೇಬಲ್, ಹೆಡ್‌ಲೈಟ್ ಎತ್ತರದ ಸೆನ್ಸರ್ ಆರ್ಮಿಗೆ ಕಟ್ಟಿದ್ದರೆ ಮೊದಲು ಬಿಡಿಸಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಮರೆತರೆ ನೋಡಿಕೊಳ್ಳಲು ಇನ್ನೂ ಬಿಚ್ಚದ ಆ ಬದಿ ಇರುತ್ತದೆ.

ಹಳೆ ಬುಶ್ ಯಾವ ಕೋನದಲ್ಲಿ, ಎಷ್ಟು ಆಳಕ್ಕೆ ಕೂತಿದೆ ಎಂದು ಆರ್ಮಿನ ಮೇಲೆ ಗುರುತು ಹಾಕಿ. ಅರ್ಧಚಂದ್ರದ ಜಾಗ ಇರುವ ಬುಶ್ ತಿರುಗಿ ಕೂತರೆ ಮೆತ್ತಗಿರಬೇಕಾದ ದಿಕ್ಕು ಗಟ್ಟಿಯಾಗುತ್ತದೆ. ಟಾರ್ಷನ್ ಬೀಮ್ ಬುಶ್‌ಗೂ ಇದೇ ಮಾತು.

ಕೆಲವು ಗ್ಯಾರೇಜುಗಳಲ್ಲಿ ಹಳೆ ರಬ್ಬರಿಗೆ ಬೆಂಕಿ ಹಚ್ಚಿ ತೆಗೆಯುತ್ತಾರೆ. ಬಿಡಬೇಡಿ. ಆ ಹೊಗೆ ವಿಷ, ಅಲ್ಯೂಮಿನಿಯಂ ಆರ್ಮ್ ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ಹೊಸದನ್ನು ಒತ್ತುವಾಗ ಹೊರ ಬಳೆಯ ಮೇಲೆ ಮಾತ್ರ ಒತ್ತಬೇಕು. ಒಳ ಕೊಳವೆಯ ಮೇಲೆ ಒತ್ತಿದರೆ ರಬ್ಬರ್ ಗಾಡಿಗೆ ಹೋಗುವ ಮೊದಲೇ ಕಿತ್ತುಹೋಗುತ್ತದೆ. ಜಾರಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್ ರಬ್ಬರನ್ನು ಉಬ್ಬಿಸುತ್ತದೆ.

ಹಂತ 9: ಗಾಡಿಯ ಎತ್ತರದಲ್ಲಿ ಬಿಗಿಯಿರಿ

ಜನ ಅತಿ ಹೆಚ್ಚು ಸೋಲುವುದು ಇಲ್ಲೇ. ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಮಿಸ್ತ್ರಿ ಬೋಲ್ಟ್ ಪೂರ್ತಿ ಬಿಗಿದುಬಿಡುತ್ತಾನೆ. ಗಾಡಿ ಕೆಳಗಿಳಿದಾಗ ಆರ್ಮ್ ಮೇಲೇರುತ್ತದೆ, ಅಂಟಿಸಿದ ರಬ್ಬರ್ ಮಾತ್ರ ತಿರುಚಿಕೊಂಡೇ ಉಳಿಯುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ ಹಾಗೇ ಹಿಡಿದಿಟ್ಟ ಸ್ಥಿತಿ. ಪ್ರತಿ ಹೊಂಡಕ್ಕೂ ಅದು ಇನ್ನಷ್ಟು ತಿರುಚುತ್ತದೆ, ಬೇಗ ಹರಿಯುತ್ತದೆ. ಗಾಡಿ ಹಿಂದೆ ಸ್ವಲ್ಪ ಎತ್ತರ ನಿಂತಂತೆಯೂ ಕಾಣಬಹುದು. ಪಾರ್ಟ್ ಕಳಪೆ ಎಂದು ಅಂಗಡಿಯವರನ್ನು ಬೈಯುವ ಮೊದಲು ಇದನ್ನು ವಿಚಾರಿಸಿ.

ಸರಿಯಾದ ಕ್ರಮ ಹೀಗಿದೆ. ಎಲ್ಲಾ ಬೋಲ್ಟ್ ಕೈಬಿಗಿ ಮಾಡಿ. ಚಕ್ರ ಕೂರುವ ಹಬ್ ಕೆಳಗೆ ಜ್ಯಾಕ್ ಇಟ್ಟು, ಹಂತ 7ರಲ್ಲಿ ಬರೆದಿಟ್ಟ ಅಳತೆ ಬರುವವರೆಗೆ ಎತ್ತಿ. ಸ್ಟ್ಯಾಂಡಿನ ಮೇಲೆ ಗಾಡಿ ಭದ್ರವಾಗಿದೆಯೇ ಮತ್ತೊಮ್ಮೆ ನೋಡಿ. ಆಮೇಲೆ ಕಂಪನಿಯ ಸರ್ವಿಸ್ ಪುಸ್ತಕದ ಅಳತೆಗೆ ಟಾರ್ಕ್ ಮಾಡಿ. ಚಕ್ರ ಊರಿ ನಿಲ್ಲುವ ಅಲೈನ್‌ಮೆಂಟ್ ರ್‍ಯಾಂಪ್ ಸಿಕ್ಕರೆ ಇನ್ನೂ ಸುಲಭ. ಬೇರೆಯವರ ಕೈಯಲ್ಲಿ ಮಾಡಿಸುವುದಾದರೆ ಪಕ್ಕದಲ್ಲೇ ನಿಂತು ಮರಾಠಿಯಲ್ಲಿ ಹೇಳಿ: "ದಾದಾ, ಗಾಡೀ ಖಾಲೀ ಉತರವೂನ್ ಮಗಚ್ ಬೋಲ್ಟ್ ಟೈಟ್ ಕರಾ." ಗಾಡಿ ಇಳಿಸಿದ ಮೇಲೆಯೇ ಬೋಲ್ಟ್ ಬಿಗಿಯಿರಿ ಎಂದು. ಇಂಪ್ಯಾಕ್ಟ್ ಗನ್ನಿನಿಂದ ಕೊನೆಯ ಬಿಗಿ ಬೇಡ.

ಪ್ರತಿ ಬೋಲ್ಟ್ ಬಿಗಿದ ಕೂಡಲೇ ತಲೆಯ ಮೇಲೆ ಬಣ್ಣದ ಗೆರೆ ಎಳೆಯಿರಿ. ಸಡಿಲವಾದರೆ ಗೆರೆ ತಪ್ಪಿ ಕಾಣುತ್ತದೆ.

ಹಂತ 10: ಅಲೈನ್‌ಮೆಂಟ್, ಮತ್ತೆ ಪರೀಕ್ಷೆ

ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಮುಂದಿನದು ಮಾತ್ರ ಮಾಡಿ ಕಳಿಸುವ ಅಂಗಡಿ ಈ ಕೆಲಸಕ್ಕೆ ಆಗದು. ಟೈರಿನ ಗಾಳಿ ಸರಿ ಮಾಡಿ ಹೋಗಿ. ಮೊದಲು ಹಿಂದಿನ ಕ್ಯಾಂಬರ್, ಆಮೇಲೆ ಹಿಂದಿನ ಟೋ, ಕೊನೆಗೆ ಮುಂದಿನ ಚಕ್ರ. ಹಿಂದಿನ ಟೋ ಹೊರಕ್ಕೆ ಇರಬಾರದು. ಕಂಪನಿ ಹೇಳಿದಷ್ಟು, ಹೆಚ್ಚಿನ ಗಾಡಿಗಳಲ್ಲಿ ಚೂರು ಒಳಕ್ಕೆ. ಎರಡೂ ಬದಿ ಸಮ ಇರಲಿ. ಮುಂಚಿನ ಮತ್ತು ನಂತರದ ಅಳತೆಯ ಚೀಟಿ ಕೇಳಿ ಪಡೆಯಿರಿ. ಟಾರ್ಷನ್ ಬೀಮ್ ಗಾಡಿಯಲ್ಲಿ ಹಿಂದೆ ಹೊಂದಿಸಲು ಏನೂ ಇರುವುದಿಲ್ಲ, ಆದರೂ ಅಳತೆ ತೆಗೆಸಿ. ತಪ್ಪಿದ್ದರೆ ಬೀಮ್ ಬಾಗಿರಬಹುದು.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬಣ್ಣದ ಗೆರೆ ನೋಡಿ. ಹೊಂದಿಸುವ ಆರ್ಮ್ ಹಾಕಿದ್ದರೆ ಲಾಕ್ ನಟ್ಟಿಗೆ ಪಾನಾ ಹಚ್ಚಿ ನೋಡಿ. ಕೋನದ ಲೆಕ್ಕದ ಬೋಲ್ಟುಗಳನ್ನು ಮತ್ತೆ ಬಿಗಿಯಲು ಹೋಗಬೇಡಿ, ಗೆರೆ ಜರುಗಿದ್ದರೆ ಹೊಸ ಬೋಲ್ಟ್ ಹಾಕಿ. ಪಿಯು ಹಾಕಿದ್ದರೆ ಪ್ರತಿ ಮಳೆಗಾಲ ಕಳೆದ ಮೇಲೆ ಬಿಚ್ಚಿ ಗ್ರೀಸ್ ನೋಡಿ. ಸ್ಟೀರಿಂಗ್ ನೇರ ಇಟ್ಟಾಗ ಗಾಡಿ ವಾರೆ ಹೋದರೆ, ಅಥವಾ ಹಿಂದಿನ ಟೈರ್ ಮತ್ತೆ ಅಂಗೈಗೆ ಚುಚ್ಚತೊಡಗಿದರೆ ಕಾಯಬೇಡಿ, ಚೀಟಿ ಹಿಡಿದುಕೊಂಡು ಅದೇ ರ್‍ಯಾಂಪಿಗೆ ವಾಪಸ್ ಹೋಗಿ.